ದುಡಿಮೆ ನಿಂತ ಕುದುರೆಯೂ ಮೈಸೂರಿನ ಸಂಸ್ಥೆಗಳೂ

ವಿದ್ಯಾರಣ್ಯಪುರಂ ಎಂದೊಡನೆ ಯಾರಿಗೂ ಕುದುರೆ ನೆನಪಾಗುವುದಿಲ್ಲ. ಸೂಯೇಜ್ ಫಾರ್ಮ್ ನೆನಪಾಗುತ್ತದೆ, ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆ, ಎನ್‌ಐಇ ಕಾಲೇಜು ನೆನಪಾಗುತ್ತವೆ. ಆದರೆ ಈ ಬಡಾವಣೆಯನ್ನು ನಡುವೆ ಇಟ್ಟುಕೊಂಡು ನಾಲ್ಕೈದು ಕಿಲೋಮೀಟರಿನ ಸುತ್ತು ಹಾಕಿದರೆ ಮೈಸೂರಿನ ಕುದುರೆಗಳ ಲೋಕವೆಲ್ಲ ಅದರೊಳಗೆ ಬಂದುಬಿಡುತ್ತದೆ. ಉತ್ತರಕ್ಕೆ ಅರಮನೆ, ಅದರ ಪಕ್ಕದಲ್ಲೇ ದೊಡ್ಡಗಡಿಯಾರದ ಹತ್ತಿರ ಟಾಂಗಾಗಳು. ಪೂರ್ವಕ್ಕೆ ಬೆಟ್ಟದ ತಪ್ಪಲಿನಲ್ಲಿ ರೇಸ್ ಕೋರ್ಸು, ಅಲ್ಲಿಂದ ಆಚೆ ಲಲಿತಮಹಲ್ ಕಡೆ ಪೊಲೀಸರ ಅಶ್ವಾರೋಹಿ ದಳ. ಬೆಟ್ಟದ ಬುಡದಲ್ಲಿ ದುಡಿಯದ ಪ್ರಾಣಿಗಳ ಆಶ್ರಯವಾದ ಪಿಂಜರಾಪೋಲ್. ಒಂದು ಕುದುರೆ ಹುಟ್ಟಿನಿಂದ ಸಾವಿನವರೆಗೆ ಕಾಣಬಹುದಾದ ಸುಖವೂ ದುಃಖವೂ ಇಷ್ಟೇ ಜಾಗದಲ್ಲಿವೆ.

ಸ್ಮರಣ ಸಂಚಿಕೆಗಳಲ್ಲಿ ಸಂಸ್ಥೆಯ ಚರಿತ್ರೆ ಬರೆಯುವ ಕ್ರಮ ಎಲ್ಲರಿಗೂ ಗೊತ್ತು. ಸ್ಥಾಪನೆಯ ವರ್ಷ, ಸ್ಥಾಪಕರ ಭಾವಚಿತ್ರ, ಅಧ್ಯಕ್ಷ-ಕಾರ್ಯದರ್ಶಿಗಳ ಪಟ್ಟಿ, ಕಟ್ಟಡ ನಿಧಿಗೆ ಕೊಟ್ಟವರ ಹೆಸರು. ಕುದುರೆಯ ಕ್ಷೇಮದ ವಿಷಯಕ್ಕೆ ಬಂದರೆ ಈ ಅಚ್ಚು ಕೈಕೊಡುತ್ತದೆ. ಮೈಸೂರಿನಲ್ಲಿ ಕುದುರೆಯನ್ನು ನೋಡಿಕೊಂಡದ್ದು ಒಂದು ಸಂಸ್ಥೆಯಲ್ಲ. ಅರಮನೆ ಒಂದಷ್ಟು ಕಾಲ, ಸೈನ್ಯ ಒಂದಷ್ಟು ಕಾಲ, ರೇಸ್ ಕ್ಲಬ್ಬು, ಟಾಂಗಾದವರ ಮನೆ, ಕೊನೆಗೆ ದಯಾಸಂಘಗಳು, ಹೀಗೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಅದು ದಾಟಿಕೊಂಡು ಬಂದಿದೆ. ಪ್ರತಿಯೊಬ್ಬರೂ ದುಡಿಯುವ ಕುದುರೆಯನ್ನು ತಮ್ಮ ಶಕ್ತಿಯಿದ್ದಷ್ಟು ನೋಡಿಕೊಂಡರು. ದುಡಿಮೆ ನಿಂತ ಮೇಲೆ ಅದು ಯಾರ ಪಾಲು ಎಂಬ ಪ್ರಶ್ನೆ ಮಾತ್ರ ಪ್ರತಿ ಸಲವೂ ಮುಂದಿನವರ ಬಾಗಿಲಿಗೆ ಹೋಯಿತು. ಈಗ ಕುದುರೆ ರಕ್ಷಣೆ, ದತ್ತು, ಮಾಲೀಕರಿಗೆ ತಿಳಿವಳಿಕೆ ಶಿಬಿರ ಎಂದೆಲ್ಲ ಮಾತಾಡುವಾಗ ಆ ಪ್ರಶ್ನೆಯ ಹಿಂದಿನ ಕಥೆ ಗೊತ್ತಿರುವುದು ಒಳ್ಳೆಯದು.

ಅರಮನೆಯಿಂದಲೇ ಹೊರಡೋಣ. ಆಯುಧಪೂಜೆಯ ದಿನ ಪಟ್ಟದ ಆನೆ, ಪಟ್ಟದ ಹಸುವಿನ ಜೊತೆ ಪಟ್ಟದ ಕುದುರೆಗೂ ಇಂದಿಗೂ ಪೂಜೆ ಸಲ್ಲುತ್ತದೆ. ರಾಜ್ಯವೆಂದರೆ ಕುದುರೆ ಎನ್ನುವಷ್ಟು ಅದಕ್ಕೆ ಬೆಲೆಯಿದ್ದ ಕಾಲದ ಗುರುತು ಅದು. ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪು ಕಾಲದ್ದು. ಸೈನ್ಯಕ್ಕೆ ಕುದುರೆ ಸಾಕಲು ಶುರುವಾಗಿ, ಆಮೇಲೆ ರೇಸಿನ ಥರೋಬ್ರೆಡ್‌ಗಳ ತವರಾಯಿತು. ಲಾಯ ಎಂದರೆ ಬರೀ ಕಟ್ಟಡವಲ್ಲ. ಸೈಸ, ಹುಲ್ಲು ಕೊಯ್ದು ತರುವವನು, ಹುರುಳಿ ಬೇಯಿಸುವವನು, ಲಾಳ ಕಟ್ಟುವ ನಾಲಬಂದ, ಚರ್ಮದ ಸಾಮಾನು ಹೊಲಿಯುವವನು, ಇಷ್ಟೂ ಜನರ ಕಸುಬು ಸೇರಿದರೆ ಲಾಯ. ಬರೆದಿಟ್ಟ ಪುಸ್ತಕವಿಲ್ಲದೆ ಕೈಯಿಂದ ಕೈಗೆ ಬಂದ ವಿದ್ಯೆ ಅವರದು. ಮಾಲೀಕರ ಶಿಕ್ಷಣ ಎಂದು ನಾವು ಈಗ ಹೊಸದಾಗಿ ಹೆಸರಿಟ್ಟು ಕರೆಯುವುದರಲ್ಲಿ ಎಷ್ಟೋ ಭಾಗ ಆ ಲಾಯಗಳು ಮುಚ್ಚಿದಾಗ ಕಳೆದುಹೋದದ್ದು.

ಮೈಸೂರು ಲ್ಯಾನ್ಸರ್ಸ್ ದಳ ಹುಟ್ಟಿದ್ದು 1892ರಲ್ಲಿ, ಚಾಮರಾಜೇಂದ್ರ ಒಡೆಯರ ಆಳ್ವಿಕೆಯಲ್ಲಿ. ಮೊದಲ ಮಹಾಯುದ್ಧದಲ್ಲಿ ಅದು ಈಜಿಪ್ಟ್, ಪ್ಯಾಲೆಸ್ಟೈನ್ ರಂಗಕ್ಕೆ ಹೋಯಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಲ್ಯಾನ್ಸರ್‌ಗಳೂ ಮೈಸೂರಿನವರೂ ಕುದುರೆಯ ಮೇಲೆ ಭರ್ಜಿ ಹಿಡಿದು ಮೆಷಿನ್ ಗನ್ನುಗಳ ಎದುರಿಗೆ ನುಗ್ಗಿ ಹೈಫಾ ಪಟ್ಟಣವನ್ನು ಹಿಡಿದದ್ದು ನಮಗೆಲ್ಲ ಹೆಮ್ಮೆಯ ಕಥೆ. ದೆಹಲಿಯ ತೀನ್‌ಮೂರ್ತಿ ವೃತ್ತದಲ್ಲಿ ಮೂರ್ತಿಯಾಗಿ ನಿಂತ ಮೂವರು ಸೈನಿಕರಲ್ಲಿ ಒಬ್ಬ ಮೈಸೂರಿನವನು. 2018ರಲ್ಲಿ ಆ ವೃತ್ತದ ಹೆಸರಿಗೆ ಹೈಫಾ ಎಂಬುದೂ ಸೇರಿತು. ಸ್ವಾತಂತ್ರ್ಯದ ನಂತರ, 1953ರಲ್ಲಿ, ಮೈಸೂರು ಲ್ಯಾನ್ಸರ್ಸ್ ಬೇರೆ ಸಂಸ್ಥಾನಗಳ ಅಶ್ವದಳಗಳ ಜೊತೆ ಸೇರಿ ಭಾರತೀಯ ಸೈನ್ಯದ 61ನೇ ಕ್ಯಾವಲ್ರಿ ಆಯಿತು. ಮೂರ್ತಿಗಳಲ್ಲಿ ನಿಂತವರು ಸೈನಿಕರು. ಕುದುರೆಗಳ ಕಥೆಗೆ ಕೈರೋಕ್ಕೆ ಹೋಗಬೇಕು.

ಯುದ್ಧ ಮುಗಿದಾಗ ಆ ರಂಗದಲ್ಲಿದ್ದ ಬ್ರಿಟಿಷ್ ಸೈನ್ಯದ ಸುಮಾರು 20,000 ಕುದುರೆಗಳನ್ನು ಊರಿಗೆ ವಾಪಸು ಕರೆದುಕೊಂಡು ಹೋಗುವ ಖರ್ಚು ಯಾಕೆಂದು ಅಲ್ಲಲ್ಲೇ ಮಾರಿಬಿಟ್ಟರು. ಅವು ಕಲ್ಲು ಸಾಗಿಸುವ, ಗೊಬ್ಬರ ಹೊರುವ ಗಾಡಿಗಳಿಗೆ ಹೋದವು. 1930ರಲ್ಲಿ ಅಶ್ವದಳದ ಅಧಿಕಾರಿಯೊಬ್ಬರ ಹೆಂಡತಿ ಡೊರೊಥಿ ಬ್ರೂಕ್ ಕೈರೋಕ್ಕೆ ಬಂದಾಗ ಅವುಗಳಲ್ಲಿ ಬದುಕುಳಿದವು ಬೀದಿಯಲ್ಲಿ ಮೂಳೆ ಚಕ್ಕಳವಾಗಿ ಗಾಡಿ ಎಳೆಯುತ್ತಿದ್ದವು. ಆಕೆ ಲಂಡನ್ನಿನ ಪತ್ರಿಕೆಯೊಂದಕ್ಕೆ ಕಾಗದ ಬರೆದರು. ಹಣ ಹರಿದು ಬಂತು. ಮೂರೇ ವರ್ಷದಲ್ಲಿ ಸುಮಾರು 5,000 ಕುದುರೆಗಳನ್ನು ಕೊಂಡು ಬಿಡಿಸಿದರು. ಅವುಗಳಲ್ಲಿ ಬಹುಪಾಲು ಚೇತರಿಸಿಕೊಳ್ಳುವ ಸ್ಥಿತಿಯನ್ನು ದಾಟಿದ್ದವು. ನಾಲ್ಕು ದಿನ ನೆಮ್ಮದಿಯಾಗಿ ಹುಲ್ಲು ತಿನ್ನಿಸಿ ನೋವಿಲ್ಲದ ಸಾವು ಕೊಡುವುದಷ್ಟೇ ಆಕೆಯ ಕೈಲಾದದ್ದು.

ಮುಖ್ಯವಾದ ಮಾತು ಇದರ ನಂತರದ್ದು. ಯುದ್ಧದ ಕುದುರೆಗಳು ತೀರಿಹೋದ ಮೇಲೂ ಬೀದಿಯ ಕುದುರೆ, ಕತ್ತೆ, ಹೇಸರಗತ್ತೆಗಳ ಗೋಳು ಹಾಗೆಯೇ ಉಳಿದಿತ್ತು. ಒಬ್ಬನಿಂದ ಸೊರಗಿದ ಕುದುರೆಯನ್ನು ಕೊಂಡರೆ ಅವನು ಅದೇ ದುಡ್ಡಿನಲ್ಲಿ ಇನ್ನೊಂದು ಸೊರಗಿದ ಕುದುರೆಯನ್ನು ತರುತ್ತಾನೆ. ಅವನ ಮನೆಯ ಒಲೆ ಉರಿಯಬೇಕಲ್ಲ. ಹಾಗಾಗಿ 1934ರಲ್ಲಿ ಬ್ರೂಕ್ ಕೈರೋದಲ್ಲಿ ಆಸ್ಪತ್ರೆಯೊಂದನ್ನು ತೆರೆದು ಬಡವರ ದುಡಿಯುವ ಪ್ರಾಣಿಗಳಿಗೆ ಪುಕ್ಕಟೆ ಚಿಕಿತ್ಸೆ ಶುರು ಮಾಡಿದರು. ಮಾಲೀಕನನ್ನು ಬೈಯುವ ಬದಲು ಅವನನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂರಿಸಿ ಮಾತಾಡಿಸುವ ದಾರಿ ಅದು. ಇಂದು ಆ ಆಸ್ಪತ್ರೆಯಿಂದ ಬೆಳೆದ ಬ್ರೂಕ್ ಸಂಸ್ಥೆಯ ಭಾರತೀಯ ಶಾಖೆ ಇಟ್ಟಿಗೆ ಗೂಡುಗಳ, ಟಾಂಗಾಗಳ ಕುದುರೆ-ಕತ್ತೆಗಳ ನಡುವೆ ಕೆಲಸ ಮಾಡುತ್ತಿದೆ. ಕುದುರೆ ರಕ್ಷಣೆಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ನನಗೆ ಕಾಣುವುದಿಲ್ಲ. ನಾವು ಅದನ್ನು ಇನ್ನೂ ಅರ್ಧ ಮಾತ್ರ ಕಲಿತಿದ್ದೇವೆ.

ಮತ್ತೆ ಮೈಸೂರಿಗೆ ಬಂದರೆ, ಅಶ್ವಾರೋಹಿ ಪೊಲೀಸ್ ದಳದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಜಂಬೂಸವಾರಿಯಲ್ಲಿ ಅವರನ್ನು, ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿ ಅವರ ಟೆಂಟ್ ಪೆಗ್ಗಿಂಗನ್ನು ನೋಡದ ಮೈಸೂರಿಗನಿಲ್ಲ. ಸರ್ಕಾರಿ ಲಾಯವಾದ್ದರಿಂದ ಮೇವಿಗೆ ಲೆಕ್ಕವಿದೆ, ಔಷಧಕ್ಕೆ ಲೆಕ್ಕವಿದೆ. ಮೈಸೂರಿನಲ್ಲಿ ಹಳೆಯ ಲಾಯದ ಶಿಸ್ತನ್ನು ಕಣ್ಣಾರೆ ನೋಡಬೇಕೆಂದರೆ ಈಗ ಉಳಿದಿರುವ ಜಾಗಗಳಲ್ಲಿ ಅದೊಂದು.

ರೇಸಿನ ಕಥೆ ಬೇರೆ. ಥರೋಬ್ರೆಡ್ ಕುದುರೆ ಎರಡನೇ ವರ್ಷಕ್ಕೆ ಓಡಲು ಶುರು ಮಾಡುತ್ತದೆ. ಎಂಟು ಹತ್ತು ತುಂಬುವುದರೊಳಗೆ ಬಹುತೇಕ ಎಲ್ಲವುಗಳ ಓಟ ಮುಗಿದಿರುತ್ತದೆ. ಚೆನ್ನಾಗಿ ನೋಡಿಕೊಂಡರೆ ಕುದುರೆ 25 ವರ್ಷ, ಕೆಲವು 30 ವರ್ಷ ಬಾಳುತ್ತವೆ. ಓಟ ನಿಂತ ಮೇಲಿನ ಹದಿನೈದು ವರ್ಷ ಎಲ್ಲಿ? ಒಳ್ಳೆಯ ತಳಿಯ ಹೆಣ್ಣು ಕುದುರೆ ಸಂತಾನಕ್ಕೆ ಹೋಗುತ್ತದೆ, ಸ್ವಭಾವ ಒಳ್ಳೆಯದಿದ್ದದ್ದು ಸವಾರಿ ಶಾಲೆಗೆ ಹೋಗುತ್ತದೆ. ಉಳಿದವು ಕೈ ಬದಲಾಯಿಸುತ್ತ ಹೋಗುತ್ತವೆ, ಪ್ರತಿ ಸಲವೂ ಹಿಂದಿನವನಿಗಿಂತ ಜೇಬು ಸಣ್ಣದಾದವನ ಕೈಗೆ. ಮದುವೆ ಮೆರವಣಿಗೆಯಲ್ಲಿ ಬ್ಯಾಂಡಿನ ಸದ್ದಿಗೆ ಬೆಚ್ಚಿ ಬೀಳುವ ಎತ್ತರದ ಕುದುರೆಯನ್ನು ಕಂಡರೆ ಅದರ ಜಾತಕ ಊಹಿಸುವುದು ಕಷ್ಟವಲ್ಲ. ಓಟದಲ್ಲಿ ಲಕ್ಷಗಟ್ಟಲೆ ಹಣ ಎಣಿಸಿದ ಉದ್ಯಮವು ಓಟ ಮುಗಿದ ಕುದುರೆಗೆಂದು ಬಹುಮಾನದ ಮೊತ್ತದಲ್ಲಿ ಒಂದು ಪಾಲು ಎತ್ತಿಡುವುದು ನ್ಯಾಯವೆಂದು ನಾನು ತಿಳಿದಿದ್ದೇನೆ. ದಯೆಯ ಹೆಸರಿನಲ್ಲಿ ಬೇಡ, ಬಾಕಿಯ ಲೆಕ್ಕದಲ್ಲಿ ಕೊಡಲಿ.

ಟಾಂಗಾದ ಕಥೆಗೆ ಬರುತ್ತೇನೆ, ಮೈಸೂರಿನ ಮಟ್ಟಿಗೆ ಅದೇ ಎದೆಗೆ ಹತ್ತಿರವಾದದ್ದು. ಜಟಕಾ, ಟಾಂಗಾ, ಸಾರೋಟು, ಮೈಸೂರಿನದೇ ಆದ ಷಾ ಪಸಂದ್, ಇಷ್ಟು ಬಗೆಯ ಕುದುರೆಗಾಡಿಗಳು ಈ ಊರಿನ ರಸ್ತೆಗಳಲ್ಲಿ ಓಡಾಡಿವೆ. ರೈಲಿಳಿದವರನ್ನು ಮನೆಗೆ ಮುಟ್ಟಿಸಿದ್ದು, ಮಾರುಕಟ್ಟೆಯಿಂದ ತರಕಾರಿ ಮೂಟೆ ತಂದದ್ದು, ಬಾಣಂತಿಯನ್ನು ಮಗುವಿನ ಸಮೇತ ತವರಿಗೆ ಕರೆದೊಯ್ದದ್ದು ಇವೇ. ಟಾಂಗಾ ಓಡಿಸುವ ಕುಟುಂಬಗಳಲ್ಲಿ ಕಸುಬು ಅಜ್ಜನಿಂದ ಮೊಮ್ಮಗನಿಗೆ ಬಂದದ್ದು. ಕುದುರೆ ಮನೆಯ ಅಂಗಳದಲ್ಲೇ ಕಟ್ಟಿರುವ ಮನೆಮಂದಿ. ಮೊದಲು ಸಿಟಿ ಬಸ್ಸು, ಆಮೇಲೆ ಆಟೊ ಬಂದು ಗಿರಾಕಿಗಳು ಕಡಿಮೆಯಾದರು. ಈಗ ಟಾಂಗಾ ಉಳಿದಿರುವುದು ಪ್ರವಾಸಿಗರನ್ನು ನಂಬಿ. ದಸರಾ ಸಮಯದಲ್ಲಿ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ ನಡೆಸುವ ಪಾರಂಪರಿಕ ಟಾಂಗಾ ಸವಾರಿಯಲ್ಲಿ ಮೈಸೂರು ಪೇಟ, ಜರತಾರಿ ಸೀರೆಯ ದಂಪತಿಗಳು ರಂಗಾಚಾರ್ಲು ಪುರಭವನದಿಂದ ಹೊರಟು ಹಳೆಯ ಕಟ್ಟಡಗಳನ್ನು ನೋಡಿಕೊಂಡು ಬರುತ್ತಾರೆ. ಮರುದಿನ ಪತ್ರಿಕೆಗಳಲ್ಲಿ ಚಿತ್ರ ಚೆನ್ನಾಗಿ ಬರುತ್ತದೆ. ದಸರಾ ಹತ್ತು ದಿನ. ಕುದುರೆಗೆ ಹಸಿವು ವರ್ಷವಿಡೀ.

ಈ ಹಸಿವಿನ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. 300 ಕಿಲೋ ತೂಗುವ ಟಾಂಗಾ ಕುದುರೆಗೆ ದಿನಕ್ಕೆ ಆರೇಳು ಕಿಲೋ ಒಣ ಲೆಕ್ಕದ ಮೇವು ಬೇಕು. ವರ್ಷಕ್ಕೆ ಎರಡು ಟನ್ನಿಗೂ ಮೇಲಾಯಿತು. ಹಸಿ ಹುಲ್ಲಾದರೆ ಅದರಲ್ಲಿ ನೀರೇ ಹೆಚ್ಚಾದ್ದರಿಂದ ತೂಕ ಮೂರು ನಾಲ್ಕು ಪಟ್ಟು. ಜೊತೆಗೆ ನೆನೆಸಿದ ಇಲ್ಲವೆ ಬೇಯಿಸಿದ ಹುರುಳಿ, ಬೂಸಾ, ಚಿಟಿಕೆ ಉಪ್ಪು. ದಿನಕ್ಕೆ 25-30 ಲೀಟರು ನೀರು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಆರೆಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಹೊಸ ಲಾಳ ಕಟ್ಟಬೇಕು. ಗಿರಾಕಿ ಬಂದರೂ ಬರದಿದ್ದರೂ ಈ ಖರ್ಚು ನಿಲ್ಲುವುದಿಲ್ಲ. ಆಟೊವನ್ನು ನಿಲ್ಲಿಸಿದರೆ ಪೆಟ್ರೋಲ್ ಉಳಿಯುತ್ತದೆ. ಕುದುರೆಯನ್ನು ನಿಲ್ಲಿಸಿದರೆ ಏನೂ ಉಳಿಯುವುದಿಲ್ಲ. 2020ರ ಲಾಕ್‌ಡೌನಿನಲ್ಲಿ ಅರಮನೆಯ ಬಾಗಿಲು ಮುಚ್ಚಿ ಪ್ರವಾಸಿಗರೇ ಇಲ್ಲವಾದಾಗ ಈ ಸತ್ಯ ಊರಿಗೆಲ್ಲ ಕಂಡಿತು. ದಾನಿಗಳು ಟಾಂಗಾದವರಿಗೆ ಅಕ್ಕಿ ಬೇಳೆ ಕೊಟ್ಟಂತೆ ಕುದುರೆಗೂ ಹುಲ್ಲು ಹುರುಳಿ ತಂದುಕೊಟ್ಟರು. ಮಾಲೀಕನ ಗಂಜಿಯೂ ಕುದುರೆಯ ಹುರುಳಿಯೂ ಒಂದೇ ಒಲೆಯ ಮೇಲೆ ಬೇಯುತ್ತವೆ ಎಂಬುದನ್ನು ಅಂದು ಯಾರೂ ಭಾಷಣ ಮಾಡಿ ಹೇಳಬೇಕಾಗಿರಲಿಲ್ಲ. ಇದು ಮೈಸೂರಿನ ತೊಂದರೆ ಮಾತ್ರವಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಉಳಿದ ಕುದುರೆ, ತಟ್ಟುಗಳು 3.4 ಲಕ್ಷ, ಏಳು ವರ್ಷದಲ್ಲಿ ಶೇ 45ಕ್ಕೂ ಹೆಚ್ಚು ಇಳಿಕೆ.

ಕಾನೂನು ಈ ನಡುವೆ ಏನು ಮಾಡಿತು? ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಹಟ ಹಿಡಿದು ಕೂತದ್ದರಿಂದ ಪ್ರಾಣಿಹಿಂಸೆ ತಡೆ ಕಾಯ್ದೆ 1960ರಲ್ಲಿ ಬಂತು. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಅವರದೇ ಅಧ್ಯಕ್ಷತೆಯಲ್ಲಿ ಶುರುವಾಯಿತು. ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳಿಗೆಂದೇ 1965ರಲ್ಲಿ ನಿಯಮಗಳಾದವು. ಅವನ್ನು ಓದಿದರೆ ಬರೆದವರು ಟಾಂಗಾವನ್ನು ಹತ್ತಿರದಿಂದ ಬಲ್ಲವರು ಎನಿಸುತ್ತದೆ. ಗಾಡಿಯವನನ್ನೂ ಆರು ವರ್ಷದೊಳಗಿನ ಮಕ್ಕಳನ್ನೂ ಬಿಟ್ಟು ನಾಲ್ಕು ಜನಕ್ಕಿಂತ ಹೆಚ್ಚು ಕೂರಿಸಕೂಡದು. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಕೂಡದು, ಒಂದೇ ಸಮನೆ ಐದು ಗಂಟೆ ದಾಟಕೂಡದು. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಗಾಡಿ ಕಟ್ಟಕೂಡದು. ಮುಳ್ಳಿನ ಕಡಿವಾಣ ಹಾಕಕೂಡದು. ನಿಯಮ ಇಷ್ಟು ಚೆನ್ನಾಗಿದೆ. ಇನ್ನು ಮೂಲ ಕಾಯ್ದೆಯಲ್ಲಿ ಹಿಂಸೆಗೆ ಮೊದಲ ಸಲ ಹಾಕುವ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ! 1960ರಲ್ಲಿ ಅದು ಭಾರವೇ ಇದ್ದಿರಬೇಕು. ಈಗ ಒಂದು ದಿನದ ಹುಲ್ಲಿನ ಕಟ್ಟಿಗೂ ಸಾಲದು.

ಕಟ್ಟುನಿಟ್ಟಾದ ನಿಷೇಧದ ದಾರಿಯನ್ನು ಮುಂಬೈ ಹಿಡಿಯಿತು. 2015ರ ಜೂನ್‌ನಲ್ಲಿ ಬಾಂಬೆ ಹೈಕೋರ್ಟು ಅಲ್ಲಿನ ವಿಕ್ಟೋರಿಯಾ ಗಾಡಿಗಳು ಕಾನೂನುಬಾಹಿರ ಎಂದಿತು. ಗಾಡಿಯವರ ಪುನರ್ವಸತಿಯ ಮಾತು ವರ್ಷಗಟ್ಟಲೆ ಎಳೆಯಿತು, ಕೊನೆಗೆ ಬ್ಯಾಟರಿಯ ವಿಕ್ಟೋರಿಯಾ ರಸ್ತೆಗೆ ಬಂತು. ಕುದುರೆಗೆ ಡಾಂಬರಿನ ರಸ್ತೆ, ಹೊಗೆ, ಹಾರನ್ನು ಒಳ್ಳೆಯದಲ್ಲ ಎನ್ನುವವರ ಮಾತಿನಲ್ಲಿ ಹುರುಳಿದೆ, ಒಪ್ಪುತ್ತೇನೆ. ಆದರೆ ಗಾಡಿ ನಿಂತ ಮರುದಿನ ಆ ಕುದುರೆಗೆ ಮೇವು ಹಾಕುವವರು ಯಾರು ಎಂದು ಮೊದಲು ಗೊತ್ತು ಮಾಡಿಕೊಳ್ಳದೆ ಹೊರಡಿಸಿದ ನಿಷೇಧ ಕುದುರೆಯನ್ನು ಊರಿನ ಕಣ್ಣಿಂದ ಮರೆ ಮಾಡುತ್ತದೆ, ಅಷ್ಟೆ.

ದಯಾಸಂಘಗಳ ವಿಷಯ ಬಂದರೆ ಕರ್ನಾಟಕದಲ್ಲಿ ಹೇಳಲೇಬೇಕಾದ ಹೆಸರು ಕ್ರಿಸ್ಟಲ್ ರೋಜರ್ಸ್. ಇಂಗ್ಲೆಂಡಿನ ಈಕೆ 1959ರಲ್ಲಿ ನ್ಯೂಜಿಲೆಂಡಿಗೆ ಹೊರಟಿದ್ದವರು ದಾರಿಯಲ್ಲಿ ದೆಹಲಿಯಲ್ಲಿ ತಂಗಿದ್ದರು. ರಸ್ತೆಯ ಬದಿಯಲ್ಲಿ ಸಾಯಲು ಬಿದ್ದಿದ್ದ ಕುದುರೆಯೊಂದರ ಕಣ್ಣನ್ನು ಅದಿನ್ನೂ ಜೀವದಿಂದಿರುವಾಗಲೇ ಕಾಗೆಗಳು ಕುಕ್ಕುತ್ತಿದ್ದುದನ್ನು ಕಂಡರು. ಪ್ರಯಾಣ ಅಲ್ಲಿಗೇ ನಿಂತಿತು. ದೆಹಲಿಯಲ್ಲಿ ಪ್ರಾಣಿಗಳಿಗೊಂದು ಆಸರೆ ಕಟ್ಟಿದರು, ಆಮೇಲೆ ಜೈಪುರದಲ್ಲಿ ಹೆಲ್ಪ್ ಇನ್ ಸಫರಿಂಗ್, ಕೊನೆಗೆ ಎಂಬತ್ತು ದಾಟಿದ ವಯಸ್ಸಿನಲ್ಲಿ ಬೆಂಗಳೂರಿಗೆ ಬಂದು 1991ರಲ್ಲಿ ಗೆಳತಿಯರ ಜೊತೆ ಸೇರಿ ಕುಪಾ ಎಂಬ ಪ್ರಾಣಿದಯಾ ಸಂಸ್ಥೆಯನ್ನು ಹುಟ್ಟುಹಾಕಿದರು. ಐದು ವರ್ಷದ ನಂತರ ತೀರಿಕೊಂಡರು. ಕುಪಾ ಎಂದರೆ ಜನಕ್ಕೆ ಬೀದಿನಾಯಿ, ಬೆಕ್ಕಿನ ಮರಿ ನೆನಪಾಗುವುದು ಸಹಜ. ಹೆಬ್ಬಾಳದ ಪಶುವೈದ್ಯ ಕಾಲೇಜಿನ ಆವರಣದಲ್ಲಿ ಅದರ ಕೆಲಸ ಬೆಳೆಯಿತು, ಮುಂದೆ ಕುದುರೆ, ಕತ್ತೆ, ದನಗಳಂಥ ದೊಡ್ಡ ಪ್ರಾಣಿಗಳಿಗೂ ಆಸರೆಯಾಯಿತು. ಬೆಂಗಳೂರಿನ ರಸ್ತೆಯಲ್ಲಿ ಯಾರೋ ಬಿಟ್ಟುಹೋದ ಕುದುರೆ ಬಿದ್ದಿದೆ ಎಂದು ಫೋನು ಬಂದರೆ ಗಾಡಿ ಕಳಿಸುವ ಕೆಲವೇ ಜಾಗಗಳಲ್ಲಿ ಅದು ಒಂದಾಯಿತು. ನಾಯಿಬೆಕ್ಕುಗಳ ಸಂಸ್ಥೆ ಎಂದು ನಾವು ತಿಳಿದಿರುವ ಇದರ ಮೂಲದಲ್ಲಿ ಇರುವುದು ದೆಹಲಿಯ ಆ ಕುದುರೆ.

ಮೈಸೂರಿನ ಪಿಂಜರಾಪೋಲ್ ಇದಕ್ಕಿಂತ ಎಷ್ಟೋ ಹಳೆಯದು, ಶತಮಾನ ದಾಟಿದ ಸಂಸ್ಥೆ. ಜೈನ, ಮಾರವಾಡಿ, ಗುಜರಾತಿ ವರ್ತಕರ ಧರ್ಮದ ಹಣದಿಂದ ನಡೆದುಬಂದ ಈ ಪದ್ಧತಿಗೆ ನಮ್ಮ ದೇಶದಲ್ಲಿ ದೊಡ್ಡ ಪರಂಪರೆಯಿದೆ. ಮುಂಬೈಯ ಪಿಂಜರಾಪೋಲ್ 1834ರದ್ದು. ಇದರ ತತ್ವ ಸರಳ: ದುಡಿಯದ ಪ್ರಾಣಿಗೂ ಬದುಕುವ ಹಕ್ಕಿದೆ, ಸಾಯುವ ತನಕ ಹುಲ್ಲು ನೀರು ಹಾಕಬೇಕು. ಮೈಸೂರಿನಲ್ಲಿ ಅದು ಮುಖ್ಯವಾಗಿ ಗೋವಿನ ಆಶ್ರಯ. ನಮ್ಮ ಕಥೆಗೆ ಅದು ಮುಖ್ಯವಾಗುವುದು ಬೇರೆ ಕಾರಣಕ್ಕೆ. ಅರಮನೆ, ಸೈನ್ಯ, ರೇಸು, ಟಾಂಗಾ ಇವೆಲ್ಲವೂ ದುಡಿಮೆಯ ಲೆಕ್ಕದಲ್ಲಿ ಪ್ರಾಣಿಯನ್ನು ಕಂಡವು. ಲೆಕ್ಕದ ಪುಸ್ತಕದಲ್ಲಿ ಆದಾಯದ ಕಾಲಂ ಇಲ್ಲದೆಯೇ ಪ್ರಾಣಿ ಸಾಕುವುದು ಸಾಧ್ಯ ಎಂದು ನೂರು ವರ್ಷ ತೋರಿಸಿಕೊಟ್ಟದ್ದು ಬೆಟ್ಟದ ಬುಡದ ಈ ಜಾಗ. ಪಿಂಜರಾಪೋಲ್‌ಗಳಿಗೆ ಇರುವ ಕೊರತೆಯನ್ನೂ ಹೇಳಬೇಕು. ಅವು ಬಾಗಿಲಿಗೆ ಬಂದದ್ದನ್ನು ಒಳಗೆ ಕರೆದುಕೊಳ್ಳುತ್ತವೆ. ಬಾಗಿಲಿಗೆ ಬರದಂತೆ ಮಾಡುವುದು ಅವುಗಳ ಕೆಲಸವಾಗಿರಲಿಲ್ಲ.

ಆ ಕೆಲಸವನ್ನು ಮಾಡುವುದು ಶಿಬಿರ. ಪಶುವೈದ್ಯರು, ದಯಾಸಂಘದವರು, ಒಂದೆರಡು ನಾಲಬಂದರು ಸೇರಿ ಟಾಂಗಾ ನಿಲ್ದಾಣದಲ್ಲೋ ಬಡಾವಣೆಯ ಮೈದಾನದಲ್ಲೋ ನಡೆಸುವ ಕುದುರೆ ಆರೋಗ್ಯ ಶಿಬಿರದಲ್ಲಿ ಶಾಮಿಯಾನ, ಹಾರ ತುರಾಯಿ, ಉದ್ಘಾಟನೆ ಮುಗಿಯುವ ತನಕ ಕಲಿಯುವಂಥದ್ದೇನೂ ಇರುವುದಿಲ್ಲ. ಗಣ್ಯರು ಹೋದ ಮೇಲೆ ನಿಜವಾದ ಕೆಲಸ ಶುರು. ವೈದ್ಯರು ಮೊದಲು ಕುದುರೆಯನ್ನು ಮುಟ್ಟುವುದಿಲ್ಲ, ನಡೆಸಿ ನೋಡುತ್ತಾರೆ. ಹತ್ತು ಹೆಜ್ಜೆ ಹೋಗಿ ಬರಲಿ ಎನ್ನುತ್ತಾರೆ. ಯಾವ ಕಾಲು ಊರುವಾಗ ತಲೆ ಮೇಲೇಳುತ್ತದೆ ಎಂಬುದರಲ್ಲಿ ಕುಂಟು ಗೊತ್ತಾಗುತ್ತದೆ, ಏಕೆಂದರೆ ನೋಯುವ ಮುಂಗಾಲಿನ ಮೇಲೆ ಭಾರ ಬೀಳದಿರಲಿ ಎಂದು ಕುದುರೆ ತಲೆ ಎತ್ತುತ್ತದೆ. ಆಮೇಲೆ ಪಕ್ಕೆಯ ಮೇಲೆ ಅಂಗೈಯಾಡಿಸುತ್ತಾರೆ. ಪಕ್ಕೆಲುಬು ಕೈಗೆ ಸಿಗಬೇಕು, ಕಣ್ಣಿಗೆ ಕಾಣಬಾರದು. ಒಂದರಿಂದ ಐದರವರೆಗಿನ ಅಂಕ ಕೊಟ್ಟು ಚೀಟಿಯಲ್ಲಿ ಬರೆಯುತ್ತಾರೆ. ಮೂರು ಬಂದರೆ ಸರಿ. ಮುಂದಿನ ಶಿಬಿರಕ್ಕೆ ಅದೇ ಚೀಟಿ ಹಿಡಿದು ಬಂದಾಗ ಎರಡು ಮೂರಾಗಿದೆಯೋ ಒಂದಾಗಿದೆಯೋ ಎಂಬುದು ಮಾಲೀಕನಿಗೇ ಗೊತ್ತಾಗುತ್ತದೆ, ಯಾರೂ ಉಪದೇಶ ಮಾಡಬೇಕಾಗಿಲ್ಲ.

ಗೊರಸಿನ ಕೆಲಸ ನೋಡುವುದಕ್ಕೆ ಎಲ್ಲರೂ ಗುಂಪುಗೂಡುತ್ತಾರೆ. ನಾಲಬಂದ ಕುದುರೆಯ ಮುಂಗಾಲನ್ನು ಎತ್ತಿ ತನ್ನೆರಡು ಮೊಣಕಾಲಿನ ನಡುವೆ ಸಿಕ್ಕಿಸಿಕೊಂಡು, ಹಳೆಯ ಲಾಳದ ಮೊಳೆ ಕಿತ್ತು, ಬೆಳೆದ ಗೊರಸನ್ನು ಕೆತ್ತಿ, ಉಗುರಿನಡಿ ಸೇರಿದ ಕೊಳೆ ಕೆರೆದು ತೆಗೆಯುತ್ತಾನೆ. ಕೆಟ್ಟ ವಾಸನೆ ಬಂದರೆ ಗೊರಸು ಕೊಳೆಯುತ್ತಿದೆ ಎಂದರ್ಥ. ಗಂಜಲದಲ್ಲಿ ನೆನೆದ ನೆಲದ ಮೇಲೆ ಕಟ್ಟಿದ ಕುದುರೆಗೆ ಇದು ತಪ್ಪಿದ್ದಲ್ಲ. ಔಷಧಕ್ಕಿಂತ ಮೊದಲು ಕಟ್ಟುವ ಜಾಗ ಒಣಗಬೇಕು. ಗೊರಸಿಗೆ ಲಾಳವನ್ನು ಹೊಂದಿಸಬೇಕೇ ವಿನಾ ಇದ್ದ ಲಾಳಕ್ಕೆ ಗೊರಸನ್ನು ಕೆತ್ತಬಾರದು. ಮೊಳೆ ಒಂದು ಕೂದಲೆಳೆ ಒಳಗೆ ಹೋದರೆ ಸೂಕ್ಷ್ಮ ಭಾಗಕ್ಕೆ ತಗುಲಿ ಕುದುರೆ ಕುಂಟುತ್ತದೆ, ಆ ಗಾಯದಿಂದ ಧನುರ್ವಾಯುವಿನ ಭಯವೂ ಇದೆ. ಧನುರ್ವಾಯುವಿಗೆ ಕುದುರೆಯಷ್ಟು ಬೇಗ ಬಲಿಯಾಗುವ ಸಾಕುಪ್ರಾಣಿ ಇನ್ನೊಂದಿಲ್ಲ. ಚುಚ್ಚುಮದ್ದಿನಿಂದ ತಡೆಯಬಹುದಾದದ್ದು ಇದು.

ಹಲ್ಲು, ಹೊಟ್ಟೆಯ ವಿಷಯದಲ್ಲಿ ಹಳಬರಿಗೂ ಹೊಸ ಸಂಗತಿಗಳಿರುತ್ತವೆ. ಕುದುರೆಯ ಹಲ್ಲು ಬಹುಪಾಲು ಆಯುಸ್ಸು ಪೂರ್ತಿ ಮೇಲಕ್ಕೆ ಬರುತ್ತಲೇ ಇರುತ್ತದೆ, ದವಡೆಹಲ್ಲಿನ ಅಂಚು ಮೊನಚಾಗಿ ಕೆನ್ನೆ ಕೊರೆಯುತ್ತದೆ. ಹುರುಳಿ ಬಾಯಿಂದ ಉದುರಿಸುತ್ತಿದ್ದರೆ ಅದು ಹಟವಲ್ಲ, ನೋವು. ಅರದಿಂದ ಉಜ್ಜಿ ಸಮ ಮಾಡಬೇಕು. ಕುದುರೆ ವಾಂತಿ ಮಾಡಲಾರದು. ಆದ್ದರಿಂದ ಕೆಟ್ಟದ್ದು ಹೊಟ್ಟೆಗೆ ಹೋದರೆ ಹೊರಬರುವ ದಾರಿಯಿಲ್ಲ, ಹೊಟ್ಟೆನೋವು ಕೆಲವೇ ಗಂಟೆಗಳಲ್ಲಿ ಪ್ರಾಣ ತೆಗೆಯಬಹುದು. ಮದುವೆ ಮನೆಯ ಉಳಿದ ಅನ್ನ, ಕಸದ ಗುಡ್ಡೆಯ ಪ್ಲಾಸ್ಟಿಕ್ಕು, ಒಂದೇ ಸಲಕ್ಕೆ ಸುರಿದ ಒಣ ಹುರುಳಿ ಎಲ್ಲವೂ ಅಪಾಯ. ಸೂಯೇಜ್ ಫಾರ್ಮಿನ ಕಸದ ರಾಶಿಯನ್ನು ವರ್ಷಗಟ್ಟಲೆ ಸಹಿಸಿದ ವಿದ್ಯಾರಣ್ಯಪುರಂನವರಿಗೆ ಬಿಡಾಡಿ ಪ್ರಾಣಿಯ ಹೊಟ್ಟೆಯಲ್ಲಿ ಏನಿರುತ್ತದೆ ಎಂದು ಬೇರೆ ವಿವರಿಸಬೇಕಾಗಿಲ್ಲ. ಕುದುರೆ ನೆಲಕ್ಕೆ ಬಿದ್ದು ಹೊರಳುತ್ತ ಪಕ್ಕೆ ನೋಡಿಕೊಳ್ಳುತ್ತಿದ್ದರೆ ನಾಟಿಮದ್ದು ಕುಡಿಸುತ್ತ, ಬರೆ ಹಾಕುತ್ತ ಕೂರದೆ ವೈದ್ಯರನ್ನು ಕರೆಸಬೇಕು. ಬರೆ ಹಾಕುವ ಮಾತು ಬಂದಾಗ ಶಿಬಿರದಲ್ಲಿ ವಾದ ಏಳುತ್ತದೆ. ನಮ್ಮಪ್ಪ ಹಾಕುತ್ತಿದ್ದರು ಸಾರ್, ವಾಸಿಯಾಗುತ್ತಿತ್ತು ಎನ್ನುತ್ತಾರೆ ಹಿರಿಯರು. ವಾಸಿಯಾದದ್ದು ಬರೆಯಿಂದಲ್ಲ ಭಾಯಿ, ಬರೆಯ ಗಾಯ ಮಾಗಲೆಂದು ಹದಿನೈದು ದಿನ ಗಾಡಿ ಕಟ್ಟಲಿಲ್ಲವಲ್ಲ, ಆ ವಿಶ್ರಾಂತಿಯಿಂದ ಎಂದು ವೈದ್ಯರು ಹೇಳಿದರೆ ಕೆಲವರು ನಗುತ್ತಾರೆ, ಕೆಲವರು ತಲೆಯಾಡಿಸುತ್ತಾರೆ. ಹೀಗೆ ವಾದ ನಡೆಯುವ ಶಿಬಿರವೇ ಒಳ್ಳೆಯ ಶಿಬಿರ.

ಸಾಂಕ್ರಾಮಿಕ ರೋಗದ ಎಚ್ಚರಿಕೆಯೂ ಈಗ ಶಿಬಿರದ ಭಾಗ. ಗ್ಲಾಂಡರ್ಸ್ ಎಂಬುದು ಕುದುರೆಯಿಂದ ಮನುಷ್ಯರಿಗೂ ತಗಲುವ ರೋಗ. 2025ರ ಆರಂಭದಲ್ಲಿ ಬೆಂಗಳೂರಿನ ಡಿ.ಜೆ. ಹಳ್ಳಿಯ ಕುದುರೆಯೊಂದರಲ್ಲಿ ಅದು ಕಂಡುಬಂದಾಗ ಸುತ್ತಮುತ್ತ ಕುದುರೆಗಳ ಓಡಾಟಕ್ಕೆ ತಡೆ ಬಿತ್ತು. ರಕ್ತದ ಮಾದರಿ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರಕ್ಕೆ ಹೋಗಬೇಕು. ರೋಗ ಖಚಿತವಾದರೆ ಕುದುರೆಯನ್ನು ಉಳಿಸುವಂತಿಲ್ಲ, ಮಾಲೀಕನಿಗೆ ಸರ್ಕಾರದ ಪರಿಹಾರವಿದೆ. ಪರಿಹಾರ ಉಂಟು ಎಂಬುದು ಗೊತ್ತಿಲ್ಲದ ಮಾಲೀಕ ರಾತ್ರೋರಾತ್ರಿ ಕುದುರೆಯನ್ನು ಬೇರೆ ಊರಿಗೆ ಸಾಗಿಸುತ್ತಾನೆ, ರೋಗವೂ ಜೊತೆಗೆ ಹೋಗುತ್ತದೆ. ಒಂದು ಸರ್ಕಾರಿ ಆದೇಶವನ್ನು ಕನ್ನಡದಲ್ಲಿ, ಉರ್ದುವಿನಲ್ಲಿ ಓದಿ ಹೇಳುವುದು ಕೂಡ ಕುದುರೆ ರಕ್ಷಣೆಯೇ.

ಇನ್ನು ದತ್ತು. ನಾಯಿಮರಿ ದತ್ತು ಶಿಬಿರಗಳನ್ನು ನೋಡಿದವರು ಕುದುರೆಯನ್ನೂ ಹಾಗೇ ಮೈದಾನದಲ್ಲಿ ನಿಲ್ಲಿಸಿ, ಇಷ್ಟಪಟ್ಟವರಿಗೆ ಹಗ್ಗ ಕೊಟ್ಟು ಕಳಿಸಬಹುದು ಎಂದುಕೊಳ್ಳುತ್ತಾರೆ. ಹಾಗೆ ಕಳಿಸಿದ ಕುದುರೆ ಆರು ತಿಂಗಳಲ್ಲಿ ಇನ್ನೊಂದು ಮದುವೆ ಮೆರವಣಿಗೆಯಲ್ಲಿ ಇರುತ್ತದೆ. ಜವಾಬ್ದಾರಿ ಬಲ್ಲವರು ಮೊದಲು ದತ್ತು ತೆಗೆದುಕೊಳ್ಳುವವರ ಜಾಗಕ್ಕೆ ಹೋಗಿ ನೋಡುತ್ತಾರೆ. ನೆರಳಿದೆಯೇ, ನೆಲ ಒಣಗಿದೆಯೇ, ತಂತಿ ಬೇಲಿಯಲ್ಲಿ ಮುಳ್ಳಿದೆಯೇ, ಹತ್ತಿರದಲ್ಲಿ ಕುದುರೆ ಬಲ್ಲ ವೈದ್ಯರಿದ್ದಾರೆಯೇ. ಜೊತೆಗೆ ಇನ್ನೊಂದು ಕುದುರೆ, ಅದಿಲ್ಲದಿದ್ದರೆ ಕತ್ತೆ, ಮೇಕೆಯಾದರೂ ಇದೆಯೇ ಎಂದು ಕೇಳುತ್ತಾರೆ, ಹಿಂಡಿನ ಪ್ರಾಣಿಯಾದ ಕುದುರೆ ಒಂಟಿಯಾಗಿ ಕೊರಗುತ್ತದೆ. ಮಾರುವುದಿಲ್ಲ, ಗಾಡಿಗೆ ಕಟ್ಟುವುದಿಲ್ಲ, ಮರಿ ಹಾಕಿಸುವುದಿಲ್ಲ, ಆಗದಿದ್ದರೆ ಕೊಟ್ಟವರಿಗೇ ವಾಪಸು ತಂದು ಒಪ್ಪಿಸುತ್ತೇನೆ ಎಂದು ಬರೆಸಿಕೊಳ್ಳುತ್ತಾರೆ. ಊರಿನೊಳಗಿನ ಮೂವತ್ತು ನಲವತ್ತರ ಸೈಟಿನವರು ಆಸೆಯಿಂದ ಮುಂದೆ ಬಂದರೆ ಸಂಕೋಚವಿಲ್ಲದೆ ಬೇಡ ಎನ್ನಬೇಕು. ಅವರಿಂದ ಆಗುವ ಉಪಕಾರ ಬೇರೆ ಇದೆ: ಆಶ್ರಯದಲ್ಲಿರುವ ಒಂದು ಕುದುರೆಯ ತಿಂಗಳ ಮೇವನ್ನು ವಹಿಸಿಕೊಳ್ಳಬಹುದು. ಅದಕ್ಕಿಂತಲೂ ಸುಲಭವಾದದ್ದು, ದುಡಿಯುತ್ತಿರುವ ಟಾಂಗಾ ಕುದುರೆಗೆ ವಾರಕ್ಕೊಂದು ದಿನ ರಜೆ ಸಿಗುವಂತೆ ಆ ದಿನದ ದುಡಿಮೆಯನ್ನು ತುಂಬಿಕೊಡಬಹುದು. ಹತ್ತು ಮನೆಗಳು ಸೇರಿದರೆ ಇದು ಭಾರವಲ್ಲ. ಬಿದ್ದ ಕುದುರೆಯನ್ನು ಎತ್ತಿ ಲಾರಿಗೆ ಹಾಕಿ ಸಾಗಿಸಿ ವರ್ಷಗಟ್ಟಲೆ ಸಾಕುವ ಖರ್ಚಿನ ಒಂದು ಪಾಲಿನಲ್ಲಿ ಬೀಳದಂತೆ ಹಿಡಿಯಬಹುದು.

ದತ್ತು ಕರಾರಿನಲ್ಲಿ ಹಲವರು ಕೇಳಲು ಮರೆಯುವ ಪ್ರಶ್ನೆಯೂ ಒಂದಿದೆ: ಸತ್ತರೆ ಹೂಳುವುದೆಲ್ಲಿ? 300 ಕಿಲೋ ದೇಹಕ್ಕೆ ಆಳುದ್ದದ ಗುಂಡಿ, ಅದನ್ನು ತೋಡಲು ಜೆಸಿಬಿ, ಬಾವಿ ಬೋರ್‌ವೆಲ್‌ಗಳಿಂದ ದೂರದ ಜಾಗ ಬೇಕು. ಬಡಾವಣೆಯಲ್ಲಿ ಅಂಥ ಜಾಗವಿಲ್ಲ, ಟಾಂಗಾದವರ ಮನೆಯ ಹಿತ್ತಲಲ್ಲಂತೂ ಇಲ್ಲವೇ ಇಲ್ಲ. ಈ ಕಾರಣಕ್ಕೇ ಮುದಿ ಕುದುರೆಯನ್ನು ಸಾಯುವ ಮೊದಲೇ ಯಾರಿಗೋ ದಾಟಿಸಿಬಿಡುವವರಿದ್ದಾರೆ. ಕಟುಕತನದಿಂದಲ್ಲ, ಹೆಣದ ವಿಲೇವಾರಿಗೆ ಹೆದರಿ. ನಗರಪಾಲಿಕೆ, ಪಶುಸಂಗೋಪನೆ ಇಲಾಖೆ, ಬೆಟ್ಟದ ಬುಡದಲ್ಲಿ ಜಾಗವಿರುವ ಸಂಸ್ಥೆಗಳು ಒಟ್ಟಿಗೆ ಕೂತು ದೊಡ್ಡ ಪ್ರಾಣಿಗಳಿಗೊಂದು ಹೂಳುವ ಜಾಗವನ್ನೂ ಒಂದು ಫೋನ್ ನಂಬರನ್ನೂ ಗೊತ್ತು ಮಾಡಿ ಟಾಂಗಾ ನಿಲ್ದಾಣದಲ್ಲಿ ಬರೆದು ಹಾಕಿದರೆ, ಕೆಲವು ಮುದಿ ಕುದುರೆಗಳಾದರೂ ಕೊನೆಯ ವರ್ಷವನ್ನು ತಾವು ಬಲ್ಲ ಅಂಗಳದಲ್ಲೇ ಕಳೆಯುತ್ತವೆ.